ಮೌಂಟ್ ಮುರಿದೀತೆಂಬ ನಿನ್ನ ಭಯದ ಬಗ್ಗೆ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು. ಉಭಯಕುಶಲೋಪರಿ ಸಾಂಪ್ರತ.

ನಿನ್ನ ಕಾಗದ ತಲುಪಿತು. ಯಾವ ಕಾರು, ಯಾವ ಎಂಜಿನ್, ಹಳೆಯದನ್ನು ಇಳಿಸಿ ಇದನ್ನೇ ಕೂರಿಸಬೇಕೆಂಬ ಹಟ ಹೇಗೆ ಹುಟ್ಟಿತು ಎಂಬುದೆಲ್ಲ ಮನೆಯಲ್ಲಿ ಎಲ್ಲರಿಗೂ ತಿಳಿದ ಕಥೆಯಾದ್ದರಿಂದ ಅದನ್ನು ನಾನು ಮತ್ತೆ ಎತ್ತುವುದಿಲ್ಲ. ಆದರೆ ಎಂಜಿನ್ನನ್ನು ಕಾರಿನ ಚೌಕಟ್ಟಿಗೆ, ಅಂದರೆ ಚಾಸಿಸ್‌ಗೆ, ಹಿಡಿದು ನಿಲ್ಲಿಸುವ ಮೌಂಟಿನ ಬಗ್ಗೆ ಸಹಿಗೆ ಸ್ವಲ್ಪ ಮೇಲೆ ನೀನು ಬರೆದ ಒಂದು ಮಾತು ನನ್ನ ನೆಮ್ಮದಿ ಕೆಡಿಸಿದೆ: "ಮೈಲ್ಡ್ ಸ್ಟೀಲ್‌ನಲ್ಲಿ ಮೌಂಟ್ ಮಾಡಿ, ಅದು ಒಂದು ದಿನ ಓಡುತ್ತಿರುವಾಗಲೇ ಯಾವ ಸುಳಿವೂ ಕೊಡದೆ ಮುರಿದುಬಿಟ್ಟರೆ? ಪಕ್ಕದಲ್ಲಿ ತಂಗಿ ಕೂತಿದ್ದರೆ?" ನೀನು ಕೇಳಿದ ಬೇರೆ ಪ್ರಶ್ನೆಗಳಿಗೆ ಯಾರಾದರೂ ಉತ್ತರ ಕೊಟ್ಟಾರು. ಇದೊಂದಕ್ಕೆ ನಾನೇ ಬರೆಯಬೇಕೆನ್ನಿಸಿತು.

ಮೈಲ್ಡ್ ಸ್ಟೀಲ್ ಎಂದರೆ ಕೈಲಾಗದವರು ಹಾಕುವ ಉಕ್ಕು, ಧೈರ್ಯವಾಗಿರಬೇಕಾದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮೋಲಿಯೇ ಆಗಬೇಕು ಎಂದು ಯಾರೋ ನಿನ್ನ ತಲೆಯಲ್ಲಿ ತುಂಬಿದ್ದಾರೆ. ದರ್ಜೆಯ ಹೆಸರು ಎ36 ಎನ್ನಲಿ, ಇ250 ಎನ್ನಲಿ, ಈ ಸಾಧಾರಣ ಉಕ್ಕು ಸುಮಾರು 250 ಮೆಗಾಪ್ಯಾಸ್ಕಲ್ ಒತ್ತಡದವರೆಗೆ ತನ್ನ ಆಕಾರಕ್ಕೆ ತಾನೇ ಮರಳುತ್ತದೆ. ಅದಕ್ಕಿಂತ ಹೆಚ್ಚು ಹೇರಿದರೆ ಬಾಗುತ್ತದೆ, ತುಂಡಾಗುವ ಮೊದಲು ಶೇ. 20ರಷ್ಟಾದರೂ ಹಿಗ್ಗುತ್ತದೆ. ಎಂದರೆ ಮಿತಿಮೀರಿದ ಹೊರೆ ಬಿದ್ದಾಗ ಅದು ಮೊದಲು ಸೊಟ್ಟಗಾಗುತ್ತದೆ: ಎಂಜಿನ್ ಒಂದು ಕಡೆಗೆ ವಾಲುತ್ತದೆ, ಗೇರ್ ಲಿವರ್ ಜಾಗ ಬದಲಿಸುತ್ತದೆ, ಫ್ಯಾನು ಎಲ್ಲೋ ತಗಲಿ ಸದ್ದು ಮಾಡುತ್ತದೆ. ನೀನು ಹೆದರಿದ "ಸುಳಿವಿಲ್ಲದ" ಮುರಿತ ಈ ಉಕ್ಕಿನ ಸ್ವಭಾವದಲ್ಲಿ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಿನಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಒಂದೇ ಏಟಿಗೆ ಮುರಿಯುವುದು ಬೇರೆ, ಲಕ್ಷಾಂತರ ಸಣ್ಣ ಅದುರುಗಳಿಂದ ದಣಿದು ಮುರಿಯುವುದು ಬೇರೆ. ದಣಿವಿನ ಬಿರುಕು ಲೋಹವನ್ನು ಬಾಗಿಸುವುದಿಲ್ಲ. ನನ್ನ ಸರ್ವೀಸಿನ ಕಾಲವೆಲ್ಲ ಪ್ರಯೋಗಾಲಯದಲ್ಲಿ ಮುರಿದ ತುಂಡುಗಳ ಮುಂದೆಯೇ ಕಳೆಯಿತೆಂಬುದು ನಿನಗೆ ಗೊತ್ತು. ಅಲ್ಲಿಗೆ ಬಂದಿದ್ದ ಒಂದು ಎಂಜಿನ್ ಬ್ರಾಕೆಟ್ ನಿನ್ನ ಕಾಗದ ಓದಿದಾಗಿನಿಂದ ಕಣ್ಣಿಗೆ ಕಟ್ಟಿದಂತಿದೆ. ಅದು 4130 ದರ್ಜೆಯ ಕ್ರೋಮೋಲಿ ಕೊಳವೆಯಿಂದ ಮಾಡಿದ್ದು, ನಿನಗೆ ಯಾರೋ ಹೊಗಳಿ ಹೇಳಿದ ಅದೇ ಉಕ್ಕು. ಮುರಿದ ಮುಖವನ್ನು ಭೂತಗನ್ನಡಿಯ ಕೆಳಗಿಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ತುಕ್ಕು ಹಿಡಿದು ಕಂದಾಗಿತ್ತು, ಅದರ ಮೇಲೆ ಬಿಲ್ಲಿನಂತೆ ಬಾಗಿದ ನವಿರಾದ ಗೆರೆಗಳು ಒಂದರ ಹಿಂದೊಂದು ಸಾಗಿದ್ದವು. ಉಳಿದ ಚೂರು ಜಾಗ ಮಾತ್ರ ಹೊಸದಾಗಿ, ಬೂದುಬಣ್ಣದಲ್ಲಿ ತರಿತರಿಯಾಗಿತ್ತು. ಗೆರೆಗಳನ್ನು ಹಿಂದಕ್ಕೆ ಹಿಡಿದು ಹೋದರೆ ಅವೆಲ್ಲ ಒಂದೇ ಬಿಂದುವಿಗೆ ತಲುಪುತ್ತಿದ್ದವು. ಆಸರೆಗೆಂದು ಕೊಟ್ಟಿದ್ದ ತ್ರಿಕೋನದ ಗಸೆಟ್ ಚೂಪಾಗಿ ಮುಗಿಯುವಲ್ಲಿ, ಬೆಸುಗೆಯ ಅಂಚಿನಲ್ಲಿ, ಆ ಬಿಂದುವಿತ್ತು. ಅಷ್ಟು ತುಕ್ಕು ಕೂರಬೇಕಾದರೆ ಬಿರುಕು ಬಹಳ ಕಾಲದಿಂದ ಬಾಯಿ ತೆರೆದಿರಬೇಕು. ಯಾರಾದರೂ ಕಾರಿನ ಕೆಳಗೆ ಟಾರ್ಚ್ ಹಿಡಿದು ನೋಡಿದ್ದರೆ ಕಾಣುತ್ತಿತ್ತು. ಅದು ಸುಳಿವು ಕೊಟ್ಟಿತ್ತು, ಪುಟ್ಟ.

ಮುರಿತದ ಕಾರಣ, ಜಾಗ, ಶಿಫಾರಸು ಬರೆದು ವರದಿ ಕಳುಹಿಸಿದೆ. ಆ ಕಾರಿನಲ್ಲಿ ಕೂತಿದ್ದವರು ಹೇಗಿದ್ದಾರೆಂದು ಕೇಳುವುದು ನಮ್ಮ ಕೆಲಸದ ರೀತಿಯಲ್ಲಿರಲಿಲ್ಲ, ಕೇಳಲಿಲ್ಲ. ನೀನು ತಂಗಿಯ ಹೆಸರೆತ್ತಿದ ಮೇಲೆ, ಕೇಳಬೇಕಾಗಿತ್ತು ಎಂದು ಅನ್ನಿಸುತ್ತಿದೆ.

ಬೆಸುಗೆ ಹಾಕಿದ ಕೂಡುಗಳ ದಣಿವಿನ ವಿಷಯದಲ್ಲಿ ಉಕ್ಕಿನ ದರ್ಜೆಗೆ ಹೆಚ್ಚು ಬೆಲೆಯಿಲ್ಲವೆಂಬುದನ್ನು ಎಂಜಿನಿಯರುಗಳ ವಿನ್ಯಾಸ ಸಂಹಿತೆಗಳೇ ಒಪ್ಪುತ್ತವೆ. ಬಿರುಕು ಹುಟ್ಟುವುದು ಬೆಸುಗೆಯ ಅಂಚಿನ ಸೂಕ್ಷ್ಮ ಗೀರಿನಿಂದ. ಆ ಗೀರು ಬಡ ಉಕ್ಕಿನಲ್ಲೂ ಇರುತ್ತದೆ, ಸಿರಿವಂತ ಉಕ್ಕಿನಲ್ಲೂ ಇರುತ್ತದೆ. ಬಳುಕದೆ ನಿಲ್ಲುವ ಗುಣದ ಲೆಕ್ಕವೂ ಹಾಗೆಯೇ: ಸ್ಥಿತಿಸ್ಥಾಪಕ ಗುಣಾಂಕ ಎರಡಕ್ಕೂ ಸುಮಾರು 200 ಗಿಗಾಪ್ಯಾಸ್ಕಲ್, ಆದ್ದರಿಂದ ಒಂದೇ ಅಳತೆಯ ಎರಡು ಬ್ರಾಕೆಟ್‌ಗಳು ಒಂದೇ ಹೊರೆಗೆ ಒಂದೇ ಸಮನಾಗಿ ಬಳುಕುತ್ತವೆ. ಇದರ ಮೇಲೆ ಕ್ರೋಮೋಲಿ ಬೆಸುಗೆಯ ಬಿಸಿಯಿಂದ ಬೇಗ ಆರಿದರೆ ಪಕ್ಕದ ಜಾಗ ಪೆಡಸಾಗುತ್ತದೆ, ದಪ್ಪಗಿದ್ದಷ್ಟೂ ಮೊದಲೇ ಕಾಯಿಸಿಕೊಳ್ಳಬೇಕಾಗುತ್ತದೆ. ಭಯಪಟ್ಟು ಆ ಉಕ್ಕು ಹಾಕಿದರೆ, ಸುಳಿವಿಲ್ಲದೆ ಮುರಿಯುವ ಸಾಧ್ಯತೆಯನ್ನು ನೀನಾಗಿಯೇ ಮನೆಗೆ ಕರೆದಂತೆ ಆಗಬಹುದೆಂಬುದೇ ನನ್ನ ಚಿಂತೆ.

ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ನೀನು ಹೇಳಿದ 200 ನ್ಯೂಟನ್ ಮೀಟರ್ ಟಾರ್ಕು ಮೊದಲ ಗೇರಿನ 3.5 ಅನುಪಾತದಲ್ಲಿ 700 ಆಗುತ್ತದೆ. ಉದ್ದಕ್ಕೆ ಕೂರಿಸಿದ ಎಂಜಿನ್ನಿನ ಎರಡು ಮೌಂಟ್‌ಗಳ ನಡುವೆ ಅರ್ಧ ಮೀಟರ್ ಇದೆಯೆಂದರೆ ಒಂದೊಂದರ ಮೇಲೆ 1400 ನ್ಯೂಟನ್, ಅಂದರೆ ಸುಮಾರು 140 ಕಿಲೋ ತೂಕದಷ್ಟು. ಕ್ಲಚ್ ತಟ್ಟನೆ ಬಿಟ್ಟಾಗ, ಗುಂಡಿಗೆ ಬಿದ್ದಾಗ ನಾಲ್ಕು ಪಟ್ಟಾಗಲಿ ಎಂದು ಹಿಡಿದು 5600 ಎಂದುಕೊಂಡೆ. ಈಗ 50 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಪಟ್ಟಿ ಚಾಸಿಸ್‌ನಿಂದ 100 ಮಿಲಿಮೀಟರ್ ಹೊರಚಾಚಿದೆ ಎನ್ನೋಣ. ಚಪ್ಪಟೆಯಾಗಿ ಮಲಗಿಸಿದರೆ ಅದರ ಬುಡದಲ್ಲಿ 1800 ಮೆಗಾಪ್ಯಾಸ್ಕಲ್ ದಾಟುತ್ತದೆ. ಸುಮಾರು 435ಕ್ಕೆ ಬಾಗತೊಡಗುವ ಕ್ರೋಮೋಲಿಯೂ ಅಲ್ಲಿ ನಿಲ್ಲದು. ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ 224. ಅಂಥ ಎರಡನ್ನು ಎದುರುಬದುರು ನಿಲ್ಲಿಸಿ ಮೇಲೆ ಕೆಳಗೆ ತಗಡು ಮುಚ್ಚಿ ಪೆಟ್ಟಿಗೆಯಾಗಿಸಿದರೆ 112ಕ್ಕೂ ಕೆಳಗೆ ಇಳಿಯುತ್ತದೆ, ಆಗ ಮೈಲ್ಡ್ ಸ್ಟೀಲ್ ಅರ್ಧ ಶಕ್ತಿಯಲ್ಲೇ ಹೊರುತ್ತದೆ. ನೀನು ಉಕ್ಕಿನ ಹೆಸರು ಹುಡುಕುತ್ತಿದ್ದೀಯೆ, ನನಗೆ ಪಟ್ಟಿಯನ್ನು ಹೇಗೆ ನಿಲ್ಲಿಸುತ್ತೀಯೆ ಎಂಬುದೇ ದೊಡ್ಡದಾಗಿ ಕಾಣುತ್ತದೆ.

ಒಂದು ಹಳೆಯ ಪ್ರಸಂಗವನ್ನೂ ಹೇಳಬೇಕು. 1971ರಲ್ಲಿ ಜನರಲ್ ಮೋಟಾರ್ಸ್ ಸುಮಾರು 67 ಲಕ್ಷ ಷೆವರ್ಲೆ ವಾಹನಗಳನ್ನು ಎಂಜಿನ್ ಮೌಂಟ್‌ಗಳಿಗಾಗಿ ವಾಪಸು ಕರೆಸಿತು. ಅಲ್ಲಿ ಸೋತದ್ದು ಉಕ್ಕಲ್ಲ. ಅದುರು ತಡೆಯಲೆಂದು ಮೌಂಟಿನಲ್ಲಿ ಕೂರಿಸಿದ ರಬ್ಬರು ಲೋಹದಿಂದ ಬಿಟ್ಟುಕೊಂಡು, ವೇಗ ಹೆಚ್ಚಿಸಿದಾಗ ಎಂಜಿನ್ ಮೇಲೆದ್ದು, ಥ್ರಾಟಲ್ಲಿನ ಕೊಂಡಿಯನ್ನು ಎಳೆದು ಹಿಡಿಯುತ್ತಿತ್ತು. ಪರಿಹಾರವಾಗಿ ಎಂಜಿನ್ ಮೇಲೇಳದಂತೆ ತಡೆಯುವ ಒಂದು ತಂತಿಹಗ್ಗವನ್ನು ಕಟ್ಟಿಕೊಟ್ಟರು. ನಿನ್ನ ಭಯಕ್ಕೆ ನನಗೆ ತೋಚುವ ನೇರ ಉತ್ತರ ಇದೇ: ರಬ್ಬರು ಪೂರ್ತಿ ಹರಿದುಹೋದರೂ ಎಂಜಿನ್ ಕೆಳಗೆ ಬೀಳದಂತೆ, ಮೇಲೆ ಏಳದಂತೆ ಲೋಹವೇ ಲೋಹವನ್ನು ಹಿಡಿದಿರಲಿ. ಕೊಳವೆಯೊಳಗೆ ರಬ್ಬರಿನ ಬುಷ್, ಅದರ ಎರಡು ಪಕ್ಕಕ್ಕೂ ಕಿವಿಗಳು, ಆರಪಾರ ಒಂದು 8.8 ಅಥವಾ 10.9 ದರ್ಜೆಯ ಬೋಲ್ಟು, ಸಡಿಲವಾಗದ ನಟ್ಟು. ತಂಗಿ ಕೂತಿದ್ದರೂ ಆಗ ನನಗೆ ನಿದ್ದೆ ಬರುತ್ತದೆ.

ಎಲ್ಲಿಂದ ತಂದದ್ದೆಂದು ತಿಳಿಯದ ಉಕ್ಕಿನ ತುಂಡು ಬೇಡ, ಮುಖ್ಯವಾಗಿ ಹಳೆಯ ಲೀಫ್ ಸ್ಪ್ರಿಂಗ್ ಬೇಡ. ಅದರಲ್ಲಿ ಇಂಗಾಲ ಹೆಚ್ಚು, ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಸತುವಿನ ಲೇಪವಿರುವ ಕೊಳವೆಯೂ ಬೇಡ, ಬೆಸುಗೆ ಹಾಕುವಾಗ ಏಳುವ ಅದರ ಹೊಗೆ ಜ್ವರ ತರಿಸುತ್ತದೆ.

ಬೆಸುಗೆಯ ಬಗ್ಗೆ ಹೇಳಲು ನನಗೆ ಸಂಕೋಚ, ಏಕೆಂದರೆ ನಾನು ಸ್ವತಃ ವೆಲ್ಡಿಂಗ್ ಟಾರ್ಚ್ ಹಿಡಿದವಳಲ್ಲ. ನಮ್ಮಲ್ಲಿದ್ದ ಹಿರಿಯ ವೆಲ್ಡರ್ ಒಬ್ಬರು "ಒಂದು ಸಲ ಕೂತು ಕಲಿಯಿರಿ ಮೇಡಂ, ಮುರಿದದ್ದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ" ಎಂದು ಕರೆಯುತ್ತಿದ್ದರು. ಈ ವಾರ, ಮುಂದಿನ ವಾರ ಎನ್ನುತ್ತಲೇ ಅವರು ನಿವೃತ್ತರಾಗಿ ಹೋದರು. ಅವರ ಬಾಯಿಂದ ಕೇಳಿದ್ದಷ್ಟನ್ನು ಬರೆಯುತ್ತೇನೆ, ನಿನಗೆ ಗೊತ್ತಿದ್ದರೆ ಬಿಟ್ಟುಬಿಡು. ಉಕ್ಕಿನ ಮೇಲಿನ ಕಪ್ಪು ಪೊರೆಯನ್ನು ಲೋಹ ಹೊಳೆಯುವ ತನಕ ಉಜ್ಜದೆ ಬೆಸುಗೆ ಹಾಕಬಾರದಂತೆ. ಗಸೆಟ್ಟಿನ ತುದಿಯನ್ನು ಚೂಪು ಬಿಡದೆ ದುಂಡಗೆ ಮಾಡಿ, ಬೆಸುಗೆಯನ್ನು ತುದಿ ಸುತ್ತಿ ತರಬೇಕಂತೆ. ಎಂಜಿನ್ ಜಾಗದಲ್ಲಿರುವಾಗ ಟ್ಯಾಕ್, ಅಂದರೆ ಜಾಗಕ್ಕೆ ಹಿಡಿದಿಡುವಷ್ಟು ಸಣ್ಣ ಚುಕ್ಕಿ ಬೆಸುಗೆ, ಮಾತ್ರ ಹಾಕಿ, ಬಿಚ್ಚಿ ಮೇಜಿನ ಮೇಲೆ ಪೂರ್ತಿ ಮಾಡಬೇಕು. ರಬ್ಬರು ಆಗ ಒಳಗಿರಬಾರದು. ಟ್ಯಾಕ್ ಹಾಕುವಾಗಲೂ ಬ್ಯಾಟರಿ ಬಿಚ್ಚಿಡು, ಅರ್ಥ್ ಕ್ಲ್ಯಾಂಪು ಬೆಸುಗೆಯ ಹತ್ತಿರದಲ್ಲೇ ಇರಲಿ. ಚಾಸಿಸ್‌ನ ತಗಡು ತೆಳ್ಳಗಿರುವುದರಿಂದ 6 ಮಿಲಿಮೀಟರ್ ಬ್ರಾಕೆಟ್ಟನ್ನು ನೇರವಾಗಿ ಅದಕ್ಕೆ ಅಂಟಿಸಿದರೆ ಬ್ರಾಕೆಟ್ ಉಳಿದು ತಗಡು ಹರಿಯುತ್ತದೆ. ನಡುವೆ 3 ಮಿಲಿಮೀಟರಿನ ಅಗಲವಾದ ತಗಡು ಕೊಟ್ಟು ಹೊರೆಯನ್ನು ಹಂಚು.

ಬಣ್ಣ ಬಳಿಯುವ ಮೊದಲು, ಬಿರುಕಿನೊಳಗೆ ಇಳಿದು ಅದನ್ನು ತೋರಿಸಿಕೊಡುವ ಕೆಂಪು ದ್ರವವಾದ ಡೈ ಪೆನಿಟ್ರೆಂಟ್ ಹಾಕಿ ನೋಡು, ಕೆಂಪು ಗೆರೆ ಎದ್ದರೆ ಆ ಬೆಸುಗೆಯನ್ನು ಕೆತ್ತಿ ಮತ್ತೆ ಹಾಕು. ಬಣ್ಣ ತಿಳಿಯಾದದ್ದಿರಲಿ, ಕಪ್ಪು ಬೇಡ. ತಿಳಿ ಬಣ್ಣದ ಮೇಲೆ ತುಕ್ಕಿನ ಕೂದಲೆಳೆ ಬಿರುಕೂ ಕಾಣುತ್ತದೆ. ಕೆಲವು ದಿನ ಓಡಿಸಿದ ಮೇಲೆ ಕೆಳಗೆ ಮಲಗಿ ನೋಡು, ಎಣ್ಣೆ ಬದಲಿಸುವಾಗಲೆಲ್ಲ ನೋಡು.

ನೀನು ಕಾಗದದಲ್ಲಿ ದಪ್ಪ ಬರೆದಿದ್ದೀಯೆ, ಅಗಲ ಬರೆದಿದ್ದೀಯೆ, ಆದರೆ ಚಾಸಿಸ್‌ನಿಂದ ಎಂಜಿನ್ನಿನ ಬೋಲ್ಟ್ ಮುಖದವರೆಗಿನ ದೂರ ಬರೆದಿಲ್ಲ. ಮೇಲಿನ 100 ನನ್ನ ಊಹೆ. ಅದು 150 ಆದರೆ ಒತ್ತಡ ಒಂದೂವರೆ ಪಟ್ಟಾಗುತ್ತದೆ. ಎರಡು ಕಡೆಯ ಅಳತೆಯನ್ನೂ ಚಿತ್ರದ ಜೊತೆ ಕಳುಹಿಸು. ನಾನು ಲೆಕ್ಕ ಮಾಡಿ ಬರೆಯುವವರೆಗೆ ಟ್ಯಾಕ್ ಮಾತ್ರ ಇರಲಿ, ಪೂರ್ತಿ ಬೆಸುಗೆ ಹಾಕಬೇಡ.

ಇಂತಿ ನಿನ್ನ
ದೊಡ್ಡಮ್ಮ