ವೈನ್ ಮೇಳಕ್ಕಿಂತ ಮುಂಚೆ ನಮ್ಮ ತೋಟ ನೋಡಿ: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರೇ,

ನಮಸ್ಕಾರ. ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ. ವೈನ್ ಅಂದ ಕೂಡಲೇ ಅಬಕಾರಿ, ಮೇಳ, ಪ್ರವಾಸೋದ್ಯಮದ ಮಾತು ಶುರುವಾಗುತ್ತದೆ. ತೋಟದ ಮಾತು ಬರುವುದೇ ಇಲ್ಲ. ಅದಕ್ಕೇ ಈ ಪತ್ರ.

ನಂದಿ ಬೆಟ್ಟದ ಸುತ್ತಲಿನ ನಮ್ಮ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಣ್ಣು ಮಾಗುವ ಕಾಲಕ್ಕೆ ಹಗಲು ಚುರುಕು ಬಿಸಿಲು, ರಾತ್ರಿ ಚಳಿ. ಬಿಸಿಲು ಸಕ್ಕರೆ ಕೂಡಿಸುತ್ತದೆ, ಚಳಿ ಹುಳಿಯನ್ನು ಉಳಿಸುತ್ತದೆ. ಎರಡೂ ಇದ್ದರೇನೇ ವೈನಿಗೆ ರುಚಿ. ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಬೇರು ಆಳಕ್ಕಿಳಿಯುತ್ತದೆ. ಇದೆಲ್ಲ ಪುಕ್ಕಟೆ ಸಿಕ್ಕಿದ್ದು.

ಉಳಿದದ್ದನ್ನು ನಾವೇ ಮಾಡಬೇಕು. ಯುರೋಪಿನಲ್ಲಿ ಚಳಿಗಾಲವೇ ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಆ ಕೆಲಸ ಕತ್ತರಿಯದು. ಬೇಸಿಗೆಯಲ್ಲಿ ಒಂದು ಕಟಿಂಗ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು. ಎರಡನೇದನ್ನು ಬೇಗ ಮಾಡಿದರೆ ಎಳೆ ಚಿಗುರಿನ ಮೇಲೆ ಮಳೆ ಬಿದ್ದು ಡೌನಿ ರೋಗ ಹತ್ತುತ್ತದೆ. ಎಲೆಯ ಮೇಲೆ ಎಣ್ಣೆ ಸಿಡಿದಂಥ ಹಳದಿ ಕಲೆ, ಕೆಳಗೆ ಬಿಳಿ ಬೂಸು. ತೀರಾ ತಡವಾದರೆ ಹಣ್ಣು ಬೇಸಿಗೆಯ ಬಿಸಿಲಿಗೆ ಸಿಕ್ಕಿ ಹುಳಿ ಹೋಗಿಬಿಡುತ್ತದೆ. ಸರಿಯಾದ ದಿನ ಯಾವುದು? ಹೋಬಳಿಯಿಂದ ಹೋಬಳಿಗೆ ಬೇರೆ. ಬರೆದಿಟ್ಟವರು ಯಾರೂ ಇಲ್ಲ.

ಫ್ರಾನ್ಸಿನ ವೈನ್ ಸೀಮೆ ಬರ್ಗಂಡಿ ದೊಡ್ಡ ಹೆಸರು ಮಾಡಿದ್ದು ಹೀಗೆ ಬರೆದಿಟ್ಟು, ನೆನಪಿಟ್ಟು. ಅಲ್ಲಿನ ಮಠದ ಸನ್ಯಾಸಿಗಳು ತಲೆಮಾರುಗಟ್ಟಲೆ ಒಂದೊಂದು ತುಂಡು ಹೊಲದ ಗುಣ ನೋಡಿದರು. ಜಾಸ್ತಿ ಇಳುವರಿ ಕೊಡುವ ಗಾಮೆ ತಳಿಯನ್ನು ಕಿತ್ತುಹಾಕಿ ಎಂದು ಅಲ್ಲಿನ ಡ್ಯೂಕ್ ಫಿಲಿಪ್ 1395ರಲ್ಲೇ ಆಜ್ಞೆ ಹೊರಡಿಸಿದ್ದ. ಅಂಥ ಆಜ್ಞೆ ನಮಗೆ ಬೇಡ. ಆದರೆ ಇಳುವರಿಯೇ ಎಲ್ಲ ಅಲ್ಲ ಅನ್ನುವುದು ಆಗಲೇ ಅವರಿಗೆ ಗೊತ್ತಿತ್ತಲ್ವಾ?

ನಮ್ಮಲ್ಲೂ ಪ್ರಯತ್ನ ನಡೆದಿಲ್ಲ ಎಂದೇನಲ್ಲ. 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಗಳನ್ನು ಹಾಕಿತು. 2007ರಲ್ಲಿ ಸರ್ಕಾರ ವೈನ್ ನೀತಿ ತಂದಿತು. ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಕವೂ (ಜಿಐ, ಅಂದರೆ ಆ ಹೆಸರು ಆ ಸೀಮೆಯ ಬೆಳೆಗೆ ಮಾತ್ರ ಎಂಬ ಗುರುತು) ಸಿಕ್ಕಿತು. ಅದು ಜ್ಯೂಸಿಗೆ, ಸಿಹಿ ವೈನಿಗೆ ಸರಿ. ಕ್ಯಾಬರ್ನೆ, ಶಿರಾಜ್‌ನಂಥ ಕೆಂಪು ವೈನಿನ ತಳಿ ಬೆಳೆಯುವ ರೈತನಿಗೆ ಬೇಕಿರುವುದು ಬೇರೆ.

ಒಳ್ಳೆ ಕೆಂಪು ವೈನಿನ ಹಣ್ಣಿನಲ್ಲಿ 22ರಿಂದ 24 ಬ್ರಿಕ್ಸ್ ಇರಬೇಕು. ಬ್ರಿಕ್ಸ್ ಅಂದರೆ ರಸದಲ್ಲಿನ ಸಕ್ಕರೆಯ ಅಳತೆ. ಕೊಯ್ಲಿಗೆ ಮುಂಚೆ ಒಂದು ಹಣ್ಣು ಹಿಂಡಿ, ಮೀಟರಿನ ಗಾಜಿನ ಮೇಲೆ ಎರಡು ತೊಟ್ಟು ರಸ ಬಿಟ್ಟು ನೋಡಿದರೆ ಸಕ್ಕರೆ ಎಷ್ಟೆಂದು ಕಾಣುತ್ತದೆ. ಅಷ್ಟು ಬರಬೇಕೆಂದರೆ ಗೊಂಚಲು ಕಡಿಮೆ ಬಿಡಬೇಕು, ಕೊನೆಗೆ ನೀರು ಕಡಿಮೆ ಮಾಡಬೇಕು. ನಾನು ಹಾಗೇ ಮಾಡಿದೆ. ಹಣ್ಣು ಕೊಂಡ ಕಂಪನಿ ತೂಕಕ್ಕಷ್ಟೇ ದುಡ್ಡು ಕೊಟ್ಟಿತು. ನೀರು ಹಾಯಿಸಿ ಹಣ್ಣು ಉಬ್ಬಿಸಿದವರಿಗೂ ನನಗೂ ಒಂದೇ ರೇಟು. ಅವರನ್ನು ನಾನು ಬೈಯುವುದಿಲ್ಲ, ಅವರಿಗೂ ಸಾಲ ಇದೆ. ಆದರೆ ಮುಂದಿನ ವರ್ಷ ಯಾರು ತಾನೇ ಗುಣ ನೋಡಿ ಬೆಳೆಯುತ್ತಾರೆ?

ಇನ್ನೊಂದು ಸಂಕಟ ಇದೆ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯಿಂದ ಈ ಕಡೆಗೆ ಲೇಔಟುಗಳು ಹಬ್ಬುತ್ತಿವೆ. ಚಪ್ಪರ ಕಿತ್ತು ಸೈಟು ಮಾಡಿದ ನೆಲಕ್ಕೆ ಬಳ್ಳಿ ವಾಪಸ್ ಬರುವುದಿಲ್ಲ.

ಹಾಗಾಗಿ ಕೇಳುತ್ತೇನೆ. ದ್ರಾಕ್ಷಿ ಬೆಳೆಯುವ ಹೋಬಳಿಗಳ ಮಣ್ಣು, ಮಳೆ, ರಾತ್ರಿ ತಾಪಮಾನದ ದಾಖಲೆ ಮಾಡಿಸಿ ರೈತರ ಕೈಗೆ ಕೊಡಿ. ಯಾವ ತಳಿ ಎಲ್ಲಿ ಒಗ್ಗುತ್ತದೆ ಅಂತ ನಮ್ಮ ತೋಟಗಳಲ್ಲೇ ಪರೀಕ್ಷೆ ನಡೆಸಿ. ಖರೀದಿ ಕರಾರಿನಲ್ಲಿ ಬ್ರಿಕ್ಸ್‌ಗೆ ತಕ್ಕ ಬೆಲೆ ಕಡ್ಡಾಯ ಮಾಡಿ. ನಾಸಿಕ್ ಕಣಿವೆಯ ವೈನಿಗೆ ಭೌಗೋಳಿಕ ಸೂಚಕ ಇದೆ, ನಂದಿ ಸೀಮೆಯ ವೈನಿಗೂ ಅರ್ಜಿ ಹಾಕಿಸಿ. ತೋಟ ಉಳಿಸಿಕೊಳ್ಳುವವರಿಗೆ ಏನಾದರೂ ನೆರವು ಇರಲಿ. ಮೊದಲ ಕೆಲಸವನ್ನಾದರೂ ಈ ಸಲದ ಸೆಪ್ಟೆಂಬರ್ ಕಟಿಂಗ್‌ಗೆ ಮುಂಚೆ ಶುರು ಮಾಡಿಸಿ. ನಿಮ್ಮ ಅಧಿಕಾರಿಗಳು ಬಂದರೆ ತೋಟ ತೋರಿಸಲು ನಾವು ತಯಾರಿದ್ದೇವೆ.

ಇಂತಿ,
ದೊಡ್ಡಬಳ್ಳಾಪುರ ತಾಲ್ಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರ