ವಾಹನ ಪುಟದಲ್ಲಿ ಕಾರಿನ ತೂಕವನ್ನೂ ಹಾಕಿ ಸಾರ್

ಸಂಪಾದಕರಿಗೆ ನಮಸ್ಕಾರ,

ನಾನು ತೀರ್ಥಹಳ್ಳಿ ಕಡೆಯವನು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ, ನಿಮ್ಮ ಪತ್ರಿಕೆನ ಫೋನಲ್ಲೇ ಓದೋದು, ಅದರಲ್ಲೂ ವಾಹನ ಪುಟ ಬಿಡೋದಿಲ್ಲ. ಆ ಪುಟದ ಬಗ್ಗೆನೇ ಒಂದು ಮಾತು ಹೇಳ್ಬೇಕು ಅಂತ ತುಂಬಾ ದಿನದಿಂದ ಇತ್ತು. ಟಾಪ್ ತೆಗೆಯೋ ಸ್ಪೋರ್ಟ್ಸ್ ಕಾರು ಅಂದ್ರೆ ನಮ್ಮ ಕಡೆ ಬರೋ ಸುದ್ದಿ ಎಲ್ಲಾ ಒಂದೇ ಥರ, ಕೋಟಿ ರೂಪಾಯಿ, ಸಿನಿಮಾ ನಟರು, ಇಲ್ಲಾಂದ್ರೆ ಮಧ್ಯರಾತ್ರಿ ರೋಡಲ್ಲಿ ಸದ್ದು ಮಾಡ್ಕೊಂಡು ಹೋಗೋ ಹುಡುಗರು. ಕಾರಿನ ಬಗ್ಗೆನೇ ಬರೆದಾಗಲೂ ಹಾರ್ಸ್‌ಪವರ್ ಎಷ್ಟು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಆನ್ ರೋಡ್ ಬೆಲೆ ಎಷ್ಟು ಅಂತ ಇರುತ್ತೆ, ತೂಕ ಎಷ್ಟು ಅನ್ನೋದು ನನ್ನ ಕಣ್ಣಿಗೆ ಬಿದ್ದಿಲ್ಲ. ಈ ಜಾತಿ ಕಾರಿನ ಸುಖ ಇರೋದೇ ತೂಕದಲ್ಲಿ, ಅದಕ್ಕೆ ಶ್ರೀಮಂತ ಆಗ್ಬೇಕಾಗಿಲ್ಲ, ಇದನ್ನ ಸ್ವಲ್ಪ ಬಿಡಿಸಿ ಹೇಳೋಣ ಅಂತ ಈ ಪತ್ರ.

ನನ್ನ ಹತ್ರ ಇರೋದು ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5, ಮೊದಲ ತಲೆಮಾರಿನದ್ದು, 1.6 ಲೀಟರ್ ಎಂಜಿನ್, ಎರಡೇ ಸೀಟು, ಬಟ್ಟೆ ಟಾಪು. ಹೆಡ್‌ಲೈಟು ಸ್ವಿಚ್ ಹಾಕಿದಾಗ ಮೇಲೆ ಏಳುತ್ತೆ, ಆಫ್ ಮಾಡಿದ್ರೆ ಒಳಗೆ ಮಲಗುತ್ತೆ. ಈ ಕಾರಿನ ಕತೆ ಗೊತ್ತಿಲ್ಲದೋರಿಗೆ ಎರಡು ಮಾತು. 50, 60ರ ದಶಕದಲ್ಲಿ ಇಂಥ ಸಣ್ಣ ಓಪನ್ ಕಾರು ಅಂದ್ರೆ ಇಂಗ್ಲೆಂಡೇ, ಎಂಜಿ, ಟ್ರಯಂಫ್, ಲೋಟಸ್. ಆಮೇಲೆ ಇಂಥ ಕಾರುಗಳು ಒಂದೊಂದೇ ನಿಂತು ಹೋದ್ವು, ಆಬಿಂಗ್ಡನ್‌ನಲ್ಲಿದ್ದ ಎಂಜಿ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕ್ತು, ಟ್ರಯಂಫ್ ಸ್ಪಿಟ್‌ಫೈರ್ ನಿಂತಿದ್ದೂ ಅದೇ ವರ್ಷ. ಅದಕ್ಕೆ ಸ್ವಲ್ಪ ಮುಂಚೆ, 1979ರಲ್ಲಿ, ಬಾಬ್ ಹಾಲ್ ಅನ್ನೋ ಅಮೆರಿಕದ ಪತ್ರಕರ್ತ ಮಾಜ್ದಾದ ಹಿರಿಯ ಎಂಜಿನಿಯರ್ ಕೆನಿಚಿ ಯಮಮೊಟೊ ಅವರ ಹತ್ರ ಕೂತು, ಹಳೇ ಬ್ರಿಟಿಷ್ ಥರದ ಹಗುರ ಓಪನ್ ಕಾರನ್ನ ಕಡಿಮೆ ಬೆಲೆಗೆ ನೀವು ಯಾಕೆ ಮಾಡ್ಬಾರ್ದು ಅಂತ ಕೇಳಿದ್ರಂತೆ. ಆಮೇಲೆ ಬಾಬ್ ಹಾಲ್ ಅವರೇ ಮಾಜ್ದಾ ಸೇರಿದ್ರು, ತೊಶಿಹಿಕೊ ಹಿರಾಯ್ ಅನ್ನೋ ಎಂಜಿನಿಯರ್ ಯೋಜನೆ ಮುನ್ನಡೆಸಿದ್ರು, 1989ರ ಫೆಬ್ರವರಿಲಿ ಶಿಕಾಗೊ ಆಟೊ ಶೋನಲ್ಲಿ ಕಾರು ಹೊರಬಂತು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೇ ಕಾರು ತಯಾರಾಯ್ತು. ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇಷ್ಟು ಮಾರಿದ್ದು ಬೇರೆ ಯಾವುದೂ ಇಲ್ಲ, ಗಿನ್ನೆಸ್ ದಾಖಲೆ ಇದೆ. ಕೋಟ್ಯಧಿಪತಿಗಳಷ್ಟೇ ತಗೊಂಡಿದ್ರೆ ಹತ್ತು ಲಕ್ಷ ಆಗ್ತಿತ್ತಾ ಸಾರ್? ಇಲ್ಲಿ ಎರಡನೇ ತಲೆಮಾರಿನದ್ದು ಎರಡು ಮೂರು ಸಾವಿರ ಪೌಂಡಿಗೆ ಓಡೋ ಸ್ಥಿತಿಲಿ ಸಿಗುತ್ತೆ, ಹೊಸ ಸಣ್ಣ ಕಾರಿನ ಬೆಲೆಗೆ ಹೋಲಿಸಿದ್ರೆ ಏನೂ ಅಲ್ಲ, ನರ್ಸ್‌ಗಳು, ಸ್ಕೂಲ್ ಮೇಷ್ಟ್ರುಗಳು, ರಿಟೈರ್ ಆದ ಗಂಡ ಹೆಂಡ್ತಿ, ಇಂಥೋರೇ ಓಡಿಸ್ತಾರೆ.

ಈಗ ತೂಕದ ವಿಷಯ. ನನ್ನ ಕಾರು ಸುಮಾರು 950 ಕೆಜಿ. ನಮ್ಮೂರಲ್ಲಿ ಓಡಾಡೋ ಸ್ವಿಫ್ಟ್ ಹತ್ರಹತ್ರ ಇಷ್ಟೇ ತೂಗುತ್ತೆ, ಫಾರ್ಚೂನರ್ ಎರಡು ಟನ್ ದಾಟುತ್ತೆ. ಎಂಜಿನ್ ಕೊಡೋದು 115 ಹಾರ್ಸ್‌ಪವರ್ ಅಷ್ಟೇ, ಇವತ್ತಿನ ಲೆಕ್ಕದಲ್ಲಿ ಅದು ಏನೂ ದೊಡ್ಡದಲ್ಲ. ಆದ್ರೆ ತೂಕ ಹೆಚ್ಚಾದ್ರೆ ದೊಡ್ಡ ಎಂಜಿನ್ ಬೇಕು, ದೊಡ್ಡ ಎಂಜಿನ್‌ಗೆ ದೊಡ್ಡ ಬ್ರೇಕು, ಅಗಲ ಟೈರು, ಗಟ್ಟಿ ಸಸ್ಪೆನ್ಶನ್, ಇವೆಲ್ಲಾ ಸೇರಿ ಮತ್ತೆ ತೂಕ ಏರುತ್ತೆ, ಅದಕ್ಕೆ ಇನ್ನೂ ದೊಡ್ಡ ಎಂಜಿನ್, ಇದಕ್ಕೆ ಕೊನೆನೇ ಇಲ್ಲ. ಹಗುರ ಕಾರಲ್ಲಿ ಇದೇ ಲೆಕ್ಕ ಉಲ್ಟಾ ಓಡುತ್ತೆ. ನನ್ನ ಕಾರಿನ ಟೈರು 185/60 ಆರ್14, ಅಂದ್ರೆ 14 ಇಂಚಿನ ಸಣ್ಣ ಚಕ್ರದ್ದು, ನಾಲ್ಕೂ ಬದಲಾಯಿಸಿದ್ರೆ ದೊಡ್ಡ ಎಸ್‌ಯುವಿಯ ಒಂದು ಜೊತೆ ಟೈರಿನ ದುಡ್ಡೂ ಆಗಲ್ಲ, ಬ್ರೇಕ್ ಪ್ಯಾಡ್ ಸವೆಯೋದು ನಿಧಾನ, ಪೆಟ್ರೋಲ್ ಕುಡಿಯೋದು ಕಡಿಮೆ. ಓಡಿಸುವಾಗ ಗೊತ್ತಾಗೋದು ಇನ್ನೊಂದು, ಎಂಜಿನ್ ಮುಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಸರಿದು ಕೂತಿದೆ, ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ, ಮುಂದೆ ಹಿಂದೆ ತೂಕ ಹತ್ರಹತ್ರ ಸಮ, ಹಾಗಾಗಿ ಸ್ಟೀರಿಂಗ್ ಒಂಚೂರು ತಿರುಗಿಸಿದ್ರೆ ಸಾಕು ಕಾರಿನ ಮೂತಿ ಅತ್ತ ಕಡೆ ತಿರುಗಿರುತ್ತೆ. ಅದೂ 50, 60 ಕಿಲೋಮೀಟರ್ ವೇಗದಲ್ಲೇ ಈ ಸುಖ ಸಿಗುತ್ತೆ, ಕಾನೂನು ಮುರಿದು 180ರಲ್ಲಿ ಹೋಗ್ಬೇಕಾಗಿಲ್ಲ. ನನ್ನ ಪ್ರಕಾರ ಇದೇ ದೊಡ್ಡ ವಿಷಯ.

ಇದಕ್ಕಿಂತ ಹಗುರ ಕಾರುಗಳೂ ಇಲ್ಲಿವೆ. 1996ರ ಲೋಟಸ್ ಎಲಿಸ್ ಸುಮಾರು 725 ಕೆಜಿ, ಅಲ್ಯೂಮಿನಿಯಂ ಚಾಸಿಸ್‌ನ ವೆಲ್ಡ್ ಮಾಡದೆ ಅಂಟು ಹಾಕಿ ಜೋಡಿಸಿದ್ರು, ನೋಡಿದ್ರೆ ಆಸೆ ಆಗುತ್ತೆ. ಆದ್ರೆ ಮನೆ ಮುಂದೆ ಬಯಲಲ್ಲಿ ನಿಲ್ಲಿಸಿ ದಿನಾ ಓಡಿಸೋಕೆ, ಬಿಡಿ ಸಾಮಾನು ಸುಲಭವಾಗಿ ಸಿಗೋಕೆ ಮಾಜ್ದಾನೇ ಸರಿ.

ಮೇಂಟೆನೆನ್ಸ್ ಬಗ್ಗೆ ಜಾಸ್ತಿ ಬರೀತೀನಿ, ಯಾಕಂದ್ರೆ ಓಪನ್ ಕಾರು ಅಂದ್ರೆ ಖರ್ಚಿನ ಬಾಬ್ತು ಅಂತ ಎಲ್ಲರೂ ಹೆದರೋದು ಇಲ್ಲೇ. ಎಂಜಿನ್ ಬಗ್ಗೆ ಹೆದರೋದು ಬೇಡ. ಟೈಮಿಂಗ್ ಬೆಲ್ಟ್, ಅಂದ್ರೆ ಪಿಸ್ಟನ್ನು ವಾಲ್ವು ಒಂದೇ ತಾಳಕ್ಕೆ ಓಡೋ ಹಾಗೆ ಮಾಡೋ ಪಟ್ಟಿ, 60 ಸಾವಿರ ಮೈಲಿಗೆ, ಅಂದ್ರೆ ಸುಮಾರು 96 ಸಾವಿರ ಕಿಲೋಮೀಟರಿಗೆ ಬದಲಾಯಿಸ್ಬೇಕು, ಈ 1.6 ಎಂಜಿನ್‌ನಲ್ಲಿ ಅಕಸ್ಮಾತ್ ಬೆಲ್ಟ್ ಕಿತ್ತೋದ್ರೂ ಪಿಸ್ಟನ್ ಹೋಗಿ ವಾಲ್ವಿಗೆ ಹೊಡಿಯಲ್ಲ, ಆ ಥರ ಜಾಗ ಬಿಟ್ಟಿದ್ದಾರೆ. ಪೆಡಲ್ ತುಳಿದಾಗ ಎಣ್ಣೆ ಒತ್ತಡದಿಂದ ಕ್ಲಚ್ ಬಿಡಿಸೋ ಸ್ಲೇವ್ ಸಿಲಿಂಡರ್ ಅನ್ನೋ ಸಣ್ಣ ಭಾಗದ ರಬ್ಬರು ಹಳೇದಾದ್ರೆ ಸೋರುತ್ತೆ, ಪೆಡಲ್ ಕೆಳಗೆ ಹೋಗಿ ಗೇರ್ ಬೀಳಲ್ಲ, ಆದ್ರೆ ಅದು ಕಡಿಮೆ ಬೆಲೆ ಸಾಮಾನು, ಸ್ಪ್ಯಾನರ್ ಹಿಡಿಯೋಕೆ ಬರೋರು ಒಂದು ಮಧ್ಯಾಹ್ನದಲ್ಲಿ ಮುಗಿಸ್ತಾರೆ. ಬ್ರೇಕ್ ಪ್ಯಾಡನ್ನ ಒತ್ತೋ ಕ್ಯಾಲಿಪರಿನ ಪಿನ್‌ಗಳಿಗೆ ವರ್ಷಕ್ಕೊಂದ್ಸಲ ಗ್ರೀಸು. ಟೈರಿಗೆ ಗಾಳಿ 26 ಪಿಎಸ್‌ಐ ಸಾಕು, ಟೈರ್ ಅಂಗಡಿಯವರು ಎಲ್ಲಾ ಕಾರಿಗೂ ಹಾಕೋ ಹಾಗೆ 32 ತುಂಬಿಸಿಬಿಡ್ತಾರೆ, ಆಗ ಇಷ್ಟು ಹಗುರ ಕಾರು ರೋಡ್ ಮೇಲೆ ಕುಪ್ಪಳಿಸುತ್ತೆ, ಅದನ್ನ ಸಸ್ಪೆನ್ಶನ್ ಹೋಗಿದೆ ಅಂತ ತಿಳ್ಕೊಂಡು ದುಡ್ಡು ಸುರಿಯೋರೂ ಇದ್ದಾರೆ.

ನಿಜವಾದ ಶತ್ರು ನೀರು. ಬಟ್ಟೆ ಟಾಪ್ ಮೇಲೆ ಬಿದ್ದ ಮಳೆ ಹಿಂದುಗಡೆ ದೋಣಿಯಂಥ ಒಂದು ಸಣ್ಣ ಕಾಲುವೆಗೆ ಇಳಿದು, ಅಲ್ಲಿಂದ ಸೀಟಿನ ಹಿಂದೆ ಎರಡೂ ಬದಿ ಇರೋ ಪೈಪಿನಲ್ಲಿ ಕಾರಿನ ಕೆಳಗೆ ಹೋಗ್ಬೇಕು, ನಮ್ಮ ಮಲೆನಾಡಿನ ಮನೆ ಸೂರಿಗೆ ಅಡಿಕೆ ದಬ್ಬೆಯ ಹರಣಿ ಕಟ್ಟಿ ನೀರು ಹಾಯಿಸ್ತೀವಲ್ಲ ಅದೇ ಲೆಕ್ಕ. ಮರದ ಕೆಳಗೆ ನಿಲ್ಲಿಸೋ ಕಾರಾದ್ರೆ ಎಲೆ ಚೂರು, ಮಣ್ಣು ಸೇರಿ ಪೈಪು ಕಟ್ಟಿಕೊಳ್ಳುತ್ತೆ, ನೀರು ಉಕ್ಕಿ ಕಾರ್ಪೆಟ್‌ಗೆ ಬರುತ್ತೆ, ಅದಾದ್ರೂ ಕಣ್ಣಿಗೆ ಕಾಣುತ್ತೆ, ಕಾಣದೇ ಇರೋದು ಬಾಗಿಲ ಕೆಳಗಿನ ಉಕ್ಕಿನ ಪೆಟ್ಟಿಗೆ ಒಳಗೆ ಸೇರೋ ನೀರು. ಇದಕ್ಕೆ ಇಲ್ಲಿ ಸಿಲ್ ಅಂತಾರೆ. ಮೇಲೆ ಛಾವಣಿ ಇಲ್ಲದ ಕಾರಲ್ಲಿ ಬಾಡಿಯ ಬಲ ಹೆಚ್ಚಾಗಿ ಇರೋದು ಆ ಸಿಲ್‌ನಲ್ಲೇ, ಅದು ಒಳಗಿಂದ ತುಕ್ಕು ತಿಂದು, ಹೊರಗಿನ ಬಣ್ಣ ಗುಳ್ಳೆ ಏಳೋ ಹೊತ್ತಿಗೆ ಒಳಗೆ ಏನೂ ಉಳಿದಿರಲ್ಲ. ಜೊತೆಗೆ ಇಲ್ಲಿ ಚಳಿಗಾಲದಲ್ಲಿ ಹಿಮ ಕಟ್ಟದೇ ಇರಲಿ ಅಂತ ರೋಡಿಗೆಲ್ಲಾ ಉಪ್ಪು ಹಾಕ್ತಾರೆ, ಅದು ಕೆಳಗಿಂದ ತಿನ್ನುತ್ತೆ. ಮೂರು ವರ್ಷ ದಾಟಿದ ಕಾರಿಗೆ ಇಲ್ಲಿ ವರ್ಷಾ ವರ್ಷಾ ಎಂಒಟಿ ಅಂತ ತಪಾಸಣೆ ಇದೆ, ನಮ್ಮ ಎಫ್‌ಸಿ ಥರ, ಆದ್ರೆ ಸ್ವಂತ ಕಾರಿಗೂ ಬಿಡಲ್ಲ, ಸೀಟ್ ಬೆಲ್ಟ್ ಬಿಗಿದಿರೋ ಜಾಗದಿಂದ 30 ಸೆಂಟಿಮೀಟರ್ ಒಳಗೆ ಲೋಹ ತೂತಾಗೋ ಹಾಗೆ ತುಕ್ಕಿದ್ರೆ ನೇರ ಫೇಲು. ಹಾಗಾಗಿ ಎಂಜಿನ್ ಗುಂಡುಕಲ್ಲಿನ ಥರ ಇದ್ದೂ ಎಷ್ಟೋ ಎಂಎಕ್ಸ್-5ಗಳು ಗುಜರಿಗೆ ಹೋಗಿದಾವೆ, ಇದು ನಿಜಕ್ಕೂ ಬೇಜಾರಿನ ವಿಷಯ, ಯಾಕಂದ್ರೆ ತಡೆಯೋದು ಅಷ್ಟು ಸುಲಭ. ನಾನು ಎಲೆ ಉದುರೋ ಕಾಲದಲ್ಲಿ ವಾರಕ್ಕೊಮ್ಮೆ ಆ ಪೈಪಿನೊಳಗೆ ಬಗ್ಗೋ ಪ್ಲಾಸ್ಟಿಕ್ ಪಟ್ಟಿ ಬಿಟ್ಟು ಆಡಿಸಿ, ಒಂದು ಲೋಟ ನೀರು ಹುಯ್ದು ಕೆಳಗೆ ಬಂತಾ ನೋಡ್ತೀನಿ, ಕಬ್ಬಿಣದ ತಂತಿ ಹಾಕ್ಬಾರ್ದು, ಪೈಪೇ ತೂತಾಗುತ್ತೆ. ಚಳಿಗಾಲಕ್ಕೆ ಮುಂಚೆ ಸಿಲ್ ಒಳಗೆ ಮೇಣದ ಸ್ಪ್ರೇ ಹೊಡಿಸ್ತೀನಿ. ಹಳೇ ಕಾರು ತಗೊಳ್ಳೋರು ಒಂದು ಆಯಸ್ಕಾಂತ ಜೇಬಲ್ಲಿಟ್ಕೊಂಡು ಹೋಗಿ, ಹಿಂದಿನ ಚಕ್ರದ ಮುಂಭಾಗದಲ್ಲಿ ಸಿಲ್‌ಗೆ ಹಚ್ಚಿ ನೋಡಿ, ಅಂಟದೇ ಇದ್ರೆ ಅಲ್ಲಿ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ ಅಂತ ಅರ್ಥ, ವಾಪಸ್ ಬಂದ್ಬಿಡಿ.

ಟಾಪಿನ ಹಿಂದಿನ ಕಿಟಕಿ ಪ್ಲಾಸ್ಟಿಕ್‌ದು, ಟಾಪ್ ಮಡಚೋಕೆ ಮುಂಚೆ ಅದರ ಜಿಪ್ ಬಿಚ್ಚಿ ಕೆಳಗೆ ಮಲಗಿಸ್ಬೇಕು, ಹಾಗೇ ಮಡಚಿದ್ರೆ ಗೆರೆ ಬಿದ್ದು ಚಳಿಲಿ ಸೀಳುತ್ತೆ. ಒದ್ದೆ ಇದ್ದಾಗಲೂ ಮಡಚಿ ಇಡ್ಬಾರ್ದು.

ಇನ್ನು ಪ್ರವಾಸ. ಡಿಕ್ಕಿ ಸಣ್ಣದು, ಬ್ಯಾಟರಿ ಸ್ಟೆಪ್ನಿ ಎರಡೂ ಅದರೊಳಗೇ, ಗಟ್ಟಿ ಸೂಟ್‌ಕೇಸ್ ಹಿಡಿಯೋ ಮಾತೇ ಇಲ್ಲ, ಮೆತ್ತನೆ ಬ್ಯಾಗಲ್ಲಿ ಇಬ್ಬರ ಬಟ್ಟೆ ತುರುಕಿಕೊಂಡು ಹೋಗ್ತೀವಿ, ಅದರಲ್ಲೇ ಒಂದು ವಾರ ಆರಾಮಾಗಿ ಕಳೆಯುತ್ತೆ. ಮನೆಯಿಂದ ಹತ್ರ ಅಂದ್ರೆ ಯಾರ್ಕ್‌ಶೈರ್ ಡೇಲ್ಸ್ ಅನ್ನೋ ಬೆಟ್ಟ ಕಣಿವೆ ಸೀಮೆ, ಅಲ್ಲಿ ಹಾಸ್ ಊರಿಂದ ಥ್ವೇಟ್ ಕಡೆ ಇಳಿಯೋ ಬಟರ್‌ಟಬ್ಸ್ ಪಾಸ್, ಪಾಸ್ ಅಂದ್ರೆ ಘಾಟಿ, 2014ರಲ್ಲಿ ಲೀಡ್ಸ್‌ನಿಂದ ಶುರುವಾದ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು ಮೊದಲ ದಿನ ಈ ಏರನ್ನೇ ಹತ್ತಿದ್ದು. ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ಪಾಸ್ ಅದಕ್ಕಿಂತ ಕಡಿದು, ಕೆಲವು ಕಡೆ ಮೂರಕ್ಕೆ ಒಂದು ಏರು, ಅಂದ್ರೆ ಮೂರು ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲೆ, ಒಂದೇ ಕಾರಿನ ಅಗಲ, ಅಲ್ಲಿ ಹಗುರ ಸಣ್ಣ ಕಾರಿನ ಬೆಲೆ ತಿಳಿಯುತ್ತೆ, ಎದುರು ಬಂದ ದೊಡ್ಡ ಗಾಡಿಯವರು ಪಕ್ಕಕ್ಕೆ ಸರಿಯೋಕೆ ಒದ್ದಾಡುವಾಗ ನಮ್ಮದು ಸಲೀಸಾಗಿ ಜಾಗ ಮಾಡ್ಕೊಳ್ಳುತ್ತೆ.

ನನಗೆ ಎಲ್ಲಕ್ಕಿಂತ ಇಷ್ಟ ಸ್ಕಾಟ್ಲೆಂಡಿನ ಉತ್ತರ ಕರಾವಳಿ. ಇನ್ವರ್ನೆಸ್‌ನಿಂದ ಹೊರಟು ಸುತ್ತಿ ಅಲ್ಲಿಗೇ ಬರೋ 516 ಮೈಲಿ ದಾರಿಗೆ 2015ರಿಂದ ನಾರ್ತ್ ಕೋಸ್ಟ್ 500 ಅಂತ ಹೆಸರು. ಅದರಲ್ಲಿ ಆಪಲ್‌ಕ್ರಾಸ್‌ಗೆ ಹೋಗೋ ಬೆಲಾಖ್ ನ ಬಾ ಅನ್ನೋ ಘಾಟಿ ಇದೆ, ಸಮುದ್ರ ಮಟ್ಟದಿಂದ ಶುರುವಾಗಿ 626 ಮೀಟರ್ ಏರುತ್ತೆ, ಕ್ಯಾರವಾನ್‌ಗಳು, ಡ್ರೈವಿಂಗ್ ಕಲೀತಿರೋರು ಬರಬೇಡಿ ಅಂತ ಬುಡದಲ್ಲೇ ಬೋರ್ಡು. ಆಗುಂಬೆಲಿ ಗಾಡಿ ಕಲಿತ ನನಗೆ ಆ ತಿರುವುಗಳು ಹೊಸದಲ್ಲ, ಆದ್ರೆ ಆಗುಂಬೇಲಿ ಸುತ್ತ ಕಾಡು ಕವಿದಿರುತ್ತೆ, ಇಲ್ಲಿ ಒಂದು ಮರ ಇಲ್ಲ, ಬರೀ ಬಂಡೆ, ಗಾಳಿ, ಕೆಳಗೆ ಸಮುದ್ರ, ತಲೆ ಮೇಲೆ ಛಾವಣಿ ಇಲ್ಲದೆ ಹೋಗುವಾಗ ಕುರಿ ವಾಸನೆ, ಒದ್ದೆ ಹುಲ್ಲಿನ ವಾಸನೆ, ಹಳ್ಳದ ನೀರಿನ ಸದ್ದು ಎಲ್ಲಾ ಒಳಗೇ ಬರುತ್ತೆ. ಒಂಟಿ ದಾರಿಲಿ ಅಲ್ಲಲ್ಲಿ ಪಾಸಿಂಗ್ ಪ್ಲೇಸ್ ಅಂತ ಜಾಗ ಬಿಟ್ಟಿರ್ತಾರೆ, ಎದುರಿನೋರಿಗಷ್ಟೇ ಅಲ್ಲ ಹಿಂದೆ ಬರೋ ಊರಿನೋರಿಗೂ ದಾರಿ ಬಿಡೋಕೆ ಅದು, ಅಲ್ಲಿ ಪಾರ್ಕ್ ಮಾಡಿ ಫೋಟೋ ತೆಗೆಯೋದು ತಪ್ಪು, ಹಾಲು ಔಷಧಿ ತರೋಕೆ ಹೋಗೋ ಜನಕ್ಕೆ ಅದೊಂದೇ ದಾರಿ. ಇಲ್ಲಿಂದ ಹೋಗೋ ನಮ್ಮ ಕನ್ನಡದೋರಿಗೆ ಇದನ್ನ ಕೈ ಮುಗಿದು ಹೇಳ್ತೀನಿ. ಬೇಸಿಗೇಲಿ ಗಾಳಿ ನಿಂತ ಸಂಜೆ ಮಿಜ್ ಅನ್ನೋ ಸಣ್ಣ ನುಸಿ ಮುತ್ತುತ್ತೆ, ಕಾರು ನಿಂತ ತಕ್ಷಣ ಟಾಪ್ ಹಾಕ್ಲೇಬೇಕು. ಟಾಪ್ ತೆಗೆಯೋಕೆ ಬಿಸಿಲೇ ಬೇಕು ಅನ್ನೋದೂ ಸರಿಯಲ್ಲ, ಸುಡು ಮಧ್ಯಾಹ್ನಕ್ಕಿಂತ ಒಣ ಚಳಿ ಬೆಳಿಗ್ಗೆನೇ ಚೆಂದ, ಕಾಲಿಗೆ ಹೀಟರು, ತಲೆಗೆ ಉಣ್ಣೆ ಟೋಪಿ, ಕಿಟಕಿ ಗಾಜು ಏರಿಸಿದ್ರೆ ಸಾಕು. ಮೋಟರ್‌ವೇಲಿ ಮಾತ್ರ ಟಾಪ್ ಹಾಕಿ, ಗಂಟೆಗಟ್ಟಲೆ ಆ ಗಾಳಿ ಸದ್ದು ಕಿವಿಗೆ ಒಳ್ಳೇದಲ್ಲ.

ಊರಿಗೆ ಬಂದಾಗ ಸ್ನೇಹಿತರು ಈ ಕಾರು ಇಲ್ಲಿ ಸಿಗುತ್ತಾ ಅಂತ ಕೇಳ್ತಾರೆ, ಭಾರತದಲ್ಲಿ ಮಾಜ್ದಾ ಕಾರು ಮಾರ್ತಾ ಇಲ್ಲ. ಆದ್ರೆ ನಾನು ಹೇಳ್ತಿರೋದು ಇದೇ ಕಾರು ತಗೊಳ್ಳಿ ಅಂತಲ್ಲ. ನಮ್ಮಪ್ಪನ ಮಾರುತಿ 800 ಸುಮಾರು 650 ಕೆಜಿ ಇತ್ತು, ಮೂರೇ ಸಿಲಿಂಡರು, ಘಾಟಿಲಿ ನಾಲ್ಕು ಜನ ಕೂತ್ರೂ ಉಸಿರು ಕಟ್ಟದೆ ಹತ್ತಿಸ್ತಿತ್ತು, ಆ ತೂಕದಿಂದಲೇ. ಈಗ ಊರಲ್ಲಿ ಒಬ್ಬೊಬ್ಬರೇ ಆಫೀಸಿಗೆ ಹೋಗೋಕೂ ಎರಡು ಟನ್ ಗಾಡಿ ಬುಕ್ ಮಾಡ್ತಿದ್ದಾರೆ, ಶೋರೂಮಿನಲ್ಲಿ ಸನ್‌ರೂಫ್ ತೋರಿಸ್ತಾರೆ, ತೂಕ ಕೇಳಿದ್ರೆ ಮಾರೋ ಹುಡುಗನಿಗೇ ಗೊತ್ತಿರಲ್ಲ, ಕೆಲವು ಬ್ರೋಷರ್‌ಗಳಲ್ಲಿ ಅದು ಇರೋದೇ ಇಲ್ಲ.

ಅದಕ್ಕೆ ನನ್ನ ಕೋರಿಕೆ ಇಷ್ಟು. ವಾಹನ ಪುಟದಲ್ಲಿ ಪ್ರತಿ ಕಾರಿನ ಜೊತೆ ಒಂದು ಸಣ್ಣ ಚೌಕ ಹಾಕ್ತೀರಲ್ಲ, ಸಿಸಿ, ಮೈಲೇಜ್, ಬೆಲೆ ಅಂತ, ಅದರಲ್ಲಿ ಕರ್ಬ್ ವೇಟ್ ಅಂತ ಇನ್ನೊಂದು ಸಾಲು ಸೇರಿಸಿ, ಅಂದ್ರೆ ಪೆಟ್ರೋಲ್ ಆಯಿಲ್ ತುಂಬಿ ಜನ ಹತ್ತೋ ಮುಂಚಿನ ತೂಕ. ಟೈರಿನ ಸೈಜು, ನಾಲ್ಕು ಟೈರು ಬದಲಾಯಿಸೋ ಖರ್ಚೂ ಹಾಕಿದ್ರೆ ಇನ್ನೂ ಒಳ್ಳೇದು. ಕಂಪನಿಯವರು ಕೊಡಲಿಲ್ಲ ಅಂದ್ರೆ "ತೂಕ: ಕಂಪನಿ ತಿಳಿಸಿಲ್ಲ" ಅಂತಲೇ ಪ್ರಿಂಟ್ ಮಾಡಿ, ಮುಂದಿನ ಸಲ ತಾವಾಗೇ ಕೊಡ್ತಾರೆ.

ಇಂತಿ ನಿಮ್ಮ ಓದುಗ,
ಲೀಡ್ಸ್, ಇಂಗ್ಲೆಂಡ್