ಪಾಲಕ ಸಂತನ ಹಬ್ಬ ಹಬ್ಬವಾಗಿಯೇ ಉಳಿಯಲಿ

ಸಂಪಾದಕರಿಗೆ,

ಮಾನ್ಯರೇ,

ನನ್ನ ಮೊಮ್ಮಗಳು ಮಂಗಳೂರಿನ ಒಂದು ಕೆಥೋಲಿಕ್ ಶಾಲೆಯಲ್ಲಿ ಓದುತ್ತಿದ್ದಾಳೆ. ಜೂನ್ 21ರಂದು ಬರುವ, ಶಾಲೆಯ ಪಾಲಕ ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬದ ಕುರಿತು ಅಲ್ಲಿನ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದ ಚರ್ಚೆಯನ್ನು ಮಗಳು ನನಗೆ ಓದಿ ಹೇಳಿದಳು. ಹಬ್ಬದ ಹೆಸರನ್ನು ಕೈಬಿಟ್ಟು ‘ಶಾಲಾ ಸಂಭ್ರಮ’ ಎಂದು ಕರೆದು, ಬಲಿಪೂಜೆಯನ್ನು (‘ಮಾಸ್’ ಎಂಬ ಕ್ರೈಸ್ತ ಆರಾಧನೆಯನ್ನು) ಚರ್ಚಿಗೇ ಬಿಟ್ಟು, ಶಾಲೆಯಲ್ಲಿ ಹಾಡು, ಕುಣಿತ, ಆಟೋಟಗಳನ್ನಷ್ಟೇ ಇಟ್ಟುಕೊಂಡರೆ ಯಾರಿಗೂ ಮುಜುಗರವಾಗದು ಎಂಬುದು ಕೆಲವರ ಸಲಹೆ. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು. ಕ್ರೈಸ್ತನಲ್ಲದ, ಆದರೆ ಹತ್ತು ವರ್ಷ ಇಗರ್ಜಿಯ (ಚರ್ಚಿನ) ಪಕ್ಕದ ಶಾಲೆಯಲ್ಲೇ ಕಲಿತ ನನಗೆ ಅದು ಒಪ್ಪಿಗೆಯಾಗಲಿಲ್ಲ.

ಅಲೋಶಿಯಸ್ ಯಾರೆಂಬುದನ್ನು ತಿಳಿಯದೆ ಅವನ ಹೆಸರಿನ ದಿನವನ್ನು ಆಚರಿಸುವುದರಲ್ಲಿ ಅರ್ಥವಿಲ್ಲ. 1568ರಲ್ಲಿ ಇಟಲಿಯ ಕಾಸ್ತಿಲ್ಯೋನೆಯ ಸಿರಿವಂತ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದ ಈತ ತನಗೆ ಬರಬೇಕಾಗಿದ್ದ ಅಧಿಕಾರ, ಆಸ್ತಿಗಳನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟರೆಂದು ಕರೆಯುವ ಕೆಥೋಲಿಕ್ ಸನ್ಯಾಸಿಗಳ ಸಂಘವಾದ ಯೇಸು ಸಭೆಯನ್ನು ಸೇರಿದ. ರೋಮಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಆಸ್ಪತ್ರೆಗೆ ಹೊತ್ತು, ಅದೇ ರೋಗ ತನಗೂ ತಗಲಿ, 1591ರ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಮಂಗಳೂರಿನ ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್‌ಗೆ ಹೋಗಿ ತಲೆಯೆತ್ತಿ ನೋಡಿದವರಿಗೆ ಈ ಕಥೆ ಹೊಸದಲ್ಲ. 1899ರಿಂದ 1901ರವರೆಗೆ ಆಂಟೋನಿಯೊ ಮೊಸ್ಕೇನಿ ಎಂಬ ಇಟಲಿಯ ಧರ್ಮಸಹೋದರರು ಅಲ್ಲಿನ ಗೋಡೆ, ಛಾವಣಿಗಳ ಮೇಲೆ ಬರೆದ ಚಿತ್ರಗಳಲ್ಲಿ ಅಲೋಶಿಯಸನ ಬದುಕೂ ಇದೆ. ಹೊರ ಊರಿನ ಪ್ರವಾಸಿಗಳು ಬಸ್ಸು ಮಾಡಿಕೊಂಡು ಬಂದು ಅದನ್ನು ನೋಡುತ್ತಾರೆ; ನಮ್ಮ ಊರಿನವರು ಎಷ್ಟು ಮಂದಿ ನೋಡಿದ್ದಾರೆಂದು ಕೇಳದಿರುವುದೇ ವಾಸಿ.

ಈ ಊರಿನಲ್ಲಿ ಶಾಲೆಯೂ ಅಲೋಶಿಯಸ್ ಮಾಡಿದಂತಹ ರೋಗಿಗಳ ಸೇವೆಯೂ ಜತೆಜತೆಯಾಗಿಯೇ ಬೆಳೆದವು. ಯೇಸು ಸಭೆಯ ಧರ್ಮಗುರುಗಳ ತಂಡವೊಂದು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿಯಿತು. 1880ರಲ್ಲಿ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದೇ ವರ್ಷ, ಅದೇ ತಂಡದಲ್ಲಿ ಬಂದ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಪಾಠ ಹೇಳುವವರ ಬೆನ್ನಿಗೇ ಮದ್ದು ಕೊಡುವವರೂ ಇದ್ದರು ಎಂಬುದು ತಿಳಿಯದ ಮಗುವಿಗೆ ಶಾಲೆಯ ಹೆಸರು ಬರಿಯ ಬ್ಯಾಡ್ಜಿನ ಮೇಲಿನ ಅಕ್ಷರ.

ನನ್ನ ಶಾಲೆ ಇಷ್ಟು ದೊಡ್ಡದಾಗಿರಲಿಲ್ಲ, ಹೆಂಚಿನ ಮಾಡಿನ ಸಾಧಾರಣ ಕಟ್ಟಡ. ಸೆಪ್ಟೆಂಬರಿನಲ್ಲಿ, ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಕ್ರೈಸ್ತ ಮಕ್ಕಳು ತಟ್ಟೆ ತುಂಬ ಹೂ ತಂದು ಬಾಲ ಮರಿಯಳಿಗೆ ಅರ್ಪಿಸುತ್ತಿದ್ದರು. ಅವರ ಹಿತ್ತಿಲಲ್ಲಿ ಹೂ ಸಾಲದಾದರೆ ನಮ್ಮ ಹಿತ್ತಿಲಿನ ದಾಸವಾಳ, ಕೇಪಳಗಳೂ ಆ ತಟ್ಟೆಗೆ ಸೇರುತ್ತಿದ್ದವು. ಅಮ್ಮನೇ ಕೊಯ್ದು ಬಾಳೆಲೆಯಲ್ಲಿ ಕಟ್ಟಿಕೊಡುತ್ತಿದ್ದರು. ಹಬ್ಬದ ದಿನ ಹೂ ತಂದ ಮಕ್ಕಳಿಗೆ ಕಬ್ಬು ಹಂಚುವಾಗ ನಮಗೂ ಒಂದು ತುಂಡು ಸಿಗುತ್ತಿತ್ತು. ಕ್ರೈಸ್ತರು ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ಕೊಂಡೊಯ್ದು ಹೊಸ ಅಕ್ಕಿಯ ಊಟ ಮಾಡಿದರೆ, ನಮ್ಮ ಮನೆಯಲ್ಲೂ ಸುಮಾರು ಅದೇ ಹೊತ್ತಿಗೆ ತೆನೆ ತಂದು ಮನೆ ತುಂಬಿಸಿ ಹೊಸತು ಉಣ್ಣುತ್ತಿದ್ದೆವು. ಇದನ್ನು ಸೌಹಾರ್ದ ಎಂದು ಕರೆಯಬೇಕೆಂದು ಆಗ ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಶಾಲೆಯ ಮೇಲಿನ ಅಭಿಮಾನ ನನಗೆ ಹುಟ್ಟಿದ್ದು ಕೆಂಪು, ನೀಲಿ ತಂಡಗಳ ಪಥಸಂಚಲನದಿಂದ ಎಷ್ಟೋ, ಆ ಕಬ್ಬಿನ ತುಂಡಿನಿಂದಲೂ ಅಷ್ಟೇ.

ಕಡ್ಡಾಯ ಎಂಬುದು ಮಾತ್ರ ಅಲ್ಲಿ ಇರಲಿಲ್ಲ. ಕೆಥೋಲಿಕ್ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋದಾಗ ಉಳಿದವರಿಗೆ ನೀತಿಪಾಠ. ಬಲಿಪೂಜೆಗೆ ಅವರು ಹೋದಾಗ ನಾವು ಜಗಲಿಯಲ್ಲಿ ಕುಳಿತು ಗಣಿತ ಮಾಡುತ್ತಿದ್ದೆವು, ಇಲ್ಲವೇ ಮಾಡಿದಂತೆ ತೋರಿಸಿಕೊಳ್ಳುತ್ತಿದ್ದೆವು. ಸಂವಿಧಾನವೂ ಇದನ್ನೇ ಹೇಳುತ್ತದೆ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಸರ್ಕಾರದ ಮಾನ್ಯತೆಯನ್ನೋ ಅನುದಾನವನ್ನೋ ಪಡೆದ ಶಾಲೆಯು ಮಕ್ಕಳನ್ನು, ಅವರ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಹಾಜರಾಗಬೇಕೆಂದು ಒತ್ತಾಯಿಸುವಂತಿಲ್ಲ ಎಂದು 28ನೇ ವಿಧಿಯ ಮೂರನೇ ಉಪವಿಧಿ ಹೇಳುತ್ತದೆ. ಹಬ್ಬ ಮಾಡುವ ಹಕ್ಕು ಶಾಲೆಗಿದೆ, ದೂರ ಉಳಿಯುವ ಹಕ್ಕು ಮಗುವಿಗಿದೆ. ಹೀಗಿರುವಾಗ ಹಬ್ಬದ ಹೆಸರನ್ನೇ ಅಳಿಸುವ ಅಗತ್ಯವೆಲ್ಲಿ ಬಂತು?

ಹೆಸರನ್ನು ಉಳಿಸಿಕೊಂಡ ಶಾಲೆಗಳಿಗೂ ಒಂದು ಮಾತು. ಇತ್ತೀಚೆಗೆ ಇಂತಹ ಹಬ್ಬಗಳಲ್ಲಿ ಬಾಡಿಗೆಯ ಧ್ವನಿವರ್ಧಕ, ಹಣ ಕೊಟ್ಟು ಕೊಳ್ಳಬೇಕಾದ ಟೀ ಶರ್ಟು, ಮುಖ್ಯ ಅತಿಥಿಯ ಮುಗಿಯದ ಭಾಷಣ ಇವೇ ಹೆಚ್ಚಾಗುತ್ತಿವೆ. ರೋಗಿಯನ್ನು ಹೆಗಲ ಮೇಲೆ ಹೊತ್ತವನ ಹಬ್ಬಕ್ಕೆ ಈ ಗದ್ದಲ ಒಗ್ಗುವುದಿಲ್ಲ. ಪ್ರೌಢಶಾಲೆಯ ಮಕ್ಕಳನ್ನು ಅಂದು ವೃದ್ಧಾಶ್ರಮಕ್ಕೋ, ಆಸ್ಪತ್ರೆಯ ಅನುಮತಿ ಪಡೆದು ಅಲ್ಲಿನ ರೋಗಿಗಳ ಸಹಾಯಕ್ಕೋ ಕರೆದೊಯ್ಯಬಹುದು. ಪೂಜೆಯಿಂದ ದೂರ ಉಳಿಯುವ ಮಕ್ಕಳೂ ಇದರಲ್ಲಿ ಸೇರಬಹುದು. ಬೆಳಿಗ್ಗೆ ಯೋಗ ದಿನದ ಕಾರ್ಯಕ್ರಮವೂ ಇರುವುದರಿಂದ ಮಕ್ಕಳಿಗೆ ಆ ದಿನ ಮೊದಲೇ ದೀರ್ಘವಾಗಿದೆ. ಭಾಷಣಗಳನ್ನು ಕಡಿಮೆ ಮಾಡಿದರೆ ಸಮಯ ಸಿಗುತ್ತದೆ.

ಬಲಿಪೂಜೆಯ ವಿವರ ಮತ್ತು ಒಪ್ಪಿಗೆಯ ಚೀಟಿಯನ್ನು ಒಂದು ವಾರ ಮೊದಲೇ, ಸರಳ ಕನ್ನಡದಲ್ಲಿ, ಎಲ್ಲ ಪೋಷಕರಿಗೂ ಕಳುಹಿಸಬೇಕೆಂದು ಶಾಲೆಗಳ ಆಡಳಿತವನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಮಳೆಯ ಕಾರಣಕ್ಕೆ ಜಿಲ್ಲಾಡಳಿತ ಅಂದು ರಜೆ ಸಾರಿದರೆ ಹಬ್ಬವನ್ನು ಮರುದಿನಕ್ಕೆ ಇಟ್ಟುಕೊಂಡರಾಯಿತು.

ಇತಿ,
ಒಬ್ಬ ಹಿರಿಯ ಓದುಗ, ಮಂಗಳೂರು